ಅಕ್ಕಾತಾಯಿಯವರೂ ಕಡೆಯ ಸಾಲಿನ ಸುಜಯನೂ

ಬೆಳಗಾವಿಯ ರಾಮತೀರ್ಥ ನಗರದಲ್ಲಿ ಮಹಿಳೆಯರ ಭಜನಾ ಮಂಡಳಿಯೊಂದಿದೆ. ಅದಕ್ಕೆ ಅಧ್ಯಕ್ಷರ ಚುನಾವಣೆ ಎಂದೂ ನಡೆದಿಲ್ಲ. ಅಕ್ಕಾತಾಯಿ ಇರುವ ಕಡೆ ಚುನಾವಣೆ ನಡೆಸುವ ಯೋಚನೆ ಯಾರಿಗೂ ಬಂದಿಲ್ಲ. ಬಂದವರು ಅದನ್ನು ಬಾಯಿಬಿಟ್ಟು ಹೇಳಿಲ್ಲ. ಆಳು ಗಿಡ್ಡ, ದನಿ ಉದ್ದ. ಮೂಗಿನ ತುದಿಯಲ್ಲಿ ಕನ್ನಡಕ, ಕೈಯಲ್ಲಿ ಹಿತ್ತಾಳೆಯ ತಾಳ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಇಷ್ಟು ಆಯುಧಗಳೊಡನೆ ಅವರು ಜಮಖಾನೆಯ ಮೇಲೆ ಇಳಿದರೆ ಎದುರುಮನೆಯ ಟಿವಿ ತಾನಾಗಿಯೇ ಸದ್ದು ತಗ್ಗಿಸಿಕೊಳ್ಳುತ್ತದೆ ಎಂಬ ಪ್ರತೀತಿ ಇದೆ. ನಂಬದವರು ಯಾವುದಾದರೂ ರವಿವಾರ ಮಧ್ಯಾಹ್ನ ಆ ಓಣಿಗೆ ಹೋಗಿ ನೋಡಬಹುದು.

ಹುಟ್ಟಿದ್ದು ಖಾನಾಪುರದಲ್ಲಿ, ಕಾಳುಕಡಿ ವ್ಯಾಪಾರದ ಜೈನ ಮನೆತನದಲ್ಲಿ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಜಗಳ ಎರಡರಲ್ಲೂ. ಬೆಳಗಾವಿಯ ಪದ್ಮಾಕರರ ಕೈಹಿಡಿದು ಬಂದಾಗ ಗಂಡನಿಗೆ ಪಾತ್ರೆ ಅಂಗಡಿ ಇತ್ತು, ಹೆಂಡತಿಗೆ ಗಂಟಲಿತ್ತು. ಎರಡೂ ಚೆನ್ನಾಗಿ ನಡೆದವು. ಅಂಗಡಿಯನ್ನು ಪದ್ಮಾಕರರು ನಡೆಸಿದರು. ಗಂಟಲನ್ನು ನಡೆಸಿದ್ದು ಸುಜಯ ಮಾಸ್ತರರ ಪದಗಳು.

ಸುಜಯ ಮಾಸ್ತರರು ಖಾನಾಪುರದ ಕಡೆಯವರು. ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು, ಬಿಳಿ ಅಂಗಿ, ಮೆಲ್ಲನೆಯ ಮಾತು. ಅವರು ಕಟ್ಟಿದ ಭಜನೆಗಳನ್ನು ಹಾಡದ ಬಸದಿ ಆ ಸೀಮೆಯಲ್ಲಿಲ್ಲ. ಎಲ್ಲಕ್ಕಿಂತ ಮೇಲಾದದ್ದು ಹೊರೆಯ ಪದ:

ಇಳಿಸವ್ವಾ ಹೊರೆ ಇಳಿಸವ್ವಾ
ದಾರಿ ಇನ್ನೂ ದೂರೈತಿ ಇಳಿಸವ್ವಾ

ತಲಿಮ್ಯಾಲ ಹೊತ್ತದ್ದು ನೀರೆಂದಿ
ತಳದಾಗ ನೋಡಿದರ ನಾನೆಂದಿ

ಈ ಎರಡನೆಯ ನುಡಿಯಲ್ಲಿ ‘ತಳದಾಗ’ ಎನ್ನುವಾಗ ರಾಗ ಕೆಳಗಿಳಿಯುವುದಿಲ್ಲ, ಒಮ್ಮೆಲೇ ಮೇಲಕ್ಕೇರುತ್ತದೆ. ಕೇಳುವವರ ಎದೆಯಲ್ಲಿ ಏನೋ ಸರಿದಂತಾಗುತ್ತದೆ. ತೊಟ್ಟಿಲ ಕಾರ್ಯಕ್ಕೆ ಇದೇ ಪದ, ಹೊಸ ಮನೆಗೆ ಇದೇ, ಪರ್ಯೂಷಣದ ಉಪವಾಸ ಮುಗಿಸಿದವರ ಮುಂದೆಯೂ ಇದೇ. ಅಕ್ಕಾತಾಯಿಯ ತಾಯಿ ಖಾನಾಪುರದ ಮನೆಯಲ್ಲಿ ಕಡೆಯುಸಿರು ಎಳೆಯುತ್ತಿದ್ದಾಗ ಮಗಳ ಗುರುತು ಹತ್ತಿರಲಿಲ್ಲ. ಮಗಳು ಈ ಪದ ಎತ್ತಿಕೊಂಡಾಗ ಮುದುಕಿಯ ಬೆರಳು ಚಾದರದ ಮೇಲೆ ತಾಳ ಹಾಕಿತು. ಅಷ್ಟು ಸಾಕಾಯಿತು ಅಕ್ಕಾತಾಯಿಗೆ. ಆ ದಿನದಿಂದ ಪದ ಅವರದೇ ಆಯಿತು. ಮಾಸ್ತರರದು ಬರೆದ ಪುಣ್ಯ ಮಾತ್ರ.

ಪುಣ್ಯದ ಮಾತು ಇರಲಿ. ಮಾಸ್ತರರು ಈಗ ಹಿಂಡಲಗಾ ಜೈಲಿನಲ್ಲಿದ್ದಾರೆ.

ದೂರು ಕೊಟ್ಟವಳು ಪೂನಮ್. ಖಾನಾಪುರದಲ್ಲಿ ಅಕ್ಕಾತಾಯಿಯ ದೊಡ್ಡಪ್ಪನ ಮಗಳ ಮಗಳು, ಹಾಗಾಗಿ ಅಕ್ಕಾತಾಯಿ ಅವಳಿಗೆ ಮಾವಶಿ, ಅಂದರೆ ಚಿಕ್ಕಮ್ಮ; ಬಸ್ ಸ್ಟ್ಯಾಂಡಿನ ಬಾಜು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಅಕ್ಕಾತಾಯಿಯ ನಂತರ ತಾಳ ಹಿಡಿಯಬೇಕಾದವಳು ಅವಳೇ ಎಂದು ಮಂಡಳಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ರವಿವಾರಕ್ಕೊಮ್ಮೆ ಬಸ್ಸಿಗೆ ಬಂದು ಹಾಡಿ ಹೋಗುತ್ತಿದ್ದಳು. ಗಂಟಲು ಇನ್ನಷ್ಟು ಪಕ್ಕಾ ಆಗಲಿ ಎಂದು ಅವಳನ್ನು ಸುಜಯ ಮಾಸ್ತರರ ಮನೆಗೆ ಕಲಿಯಲು ಹಚ್ಚಿದ್ದು ಅಕ್ಕಾತಾಯಿ. ಕಲಿಯಲು ಬಂದವಳ ಮೇಲೆ ಮಾಸ್ತರರು ಬಾಗಿಲು ಹಾಕಿಕೊಂಡು ದೌರ್ಜನ್ಯ ಮಾಡಿದರೆಂದು ದೂರು. ಪೂನಮ್ ಬಾಯಿಬಿಟ್ಟ ಮೇಲೆ ಇನ್ನಿಬ್ಬರು ಹೆಂಗಸರು, ಒಬ್ಬಳು ಈಗ ಎರಡು ಮಕ್ಕಳ ತಾಯಿ, ತಾವೂ ಸ್ಟೇಷನ್ ಮೆಟ್ಟಿಲು ಹತ್ತಿದರು.

ಸುದ್ದಿ ತಿಳಿದ ಕೂಡಲೇ ಅಕ್ಕಾತಾಯಿ ಖಾನಾಪುರಕ್ಕೆ ಓಡಿದ್ದರು. ಪೂನಮ್ ಅಳಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ನಿಂತು, “ನೀವು ನಂಬ್ತೀರೋ ಇಲ್ಲೋ ಮೊದಲ ಹೇಳ್ರಿ ಮಾವಶಿ. ಆಮ್ಯಾಲ ಚಾ ಇಡತೀನಿ” ಅಂದಳು.

“ಚಾ ಇಡು” ಅಂದರು ಅಕ್ಕಾತಾಯಿ.

ಹೀಗಾಗಿ ನಂಬುವ ಪ್ರಶ್ನೆ ಆ ಅಡಿಗೆಮನೆಯಲ್ಲೇ ತೀರ್ಮಾನವಾಯಿತು. ಹೊರಡುವಾಗ ಅಕ್ಕಾತಾಯಿ ಕೇಳಿದ್ದು ಒಂದೇ: “ಮಂಡಳಿಗೆ ಬರತಿಯಲ್ಲ?” ಪೂನಮ್, “ನೋಡೂಣು ಬಿಡ್ರಿ” ಅಂದಿದ್ದಳು. ಅಲ್ಲಿಂದ ಮುಂದೆ ಅಕ್ಕಾತಾಯಿಗೆ ಇದ್ದದ್ದು ಒಂದೇ ಹಟ. ಪೂನಮ್ ವಾಪಸು ಬಂದು ತಮ್ಮ ಬಲಗಡೆ ಕೂರಬೇಕು. ಪದವೂ ಎಲ್ಲಿಗೂ ಹೋಗಬಾರದು.

ಎರಡೂ ಬೇಕು ಎಂದವರಿಗೆ ಯುದ್ಧ ತಪ್ಪುವುದಿಲ್ಲ. ಮೊದಲ ಕಾಳಗ ಮನೆಯಲ್ಲೇ, ಊಟದ ತಾಟಿನ ಮುಂದೆ.

“ಇಷ್ಟ್ಯಾಕ ತಲಿ ಕೆಡಿಸ್ಕೋತಿ?” ಅಂದರು ಪದ್ಮಾಕರರು. “ನಮ್ಮ ಅಂಗಡ್ಯಾಗ ಒಂದು ತಂಬಗಿ ಐತಿ. ಅದನ್ನ ಬಡದಾಂವ ಕುಡುಕ ಇದ್ದಾನೋ ಕಳ್ಳ ಇದ್ದಾನೋ ಯಾರ ಕೇಳತಾರ? ನೀರು ಸೋರಬಾರದು, ಅಷ್ಟ.”

“ಹಂಗಾರ ಹೆಸರ ಕೊರಿಯೂ ಮಿಷನ್ ಅಂಗಡ್ಯಾಗ ಯಾಕಿಟ್ಟೀರಿ? ಮದಿವಿಗೆ ತಂಬಗಿ ಕೊಟ್ಟಾವರೆಲ್ಲಾ ತಳದಾಗ ಹೆಸರ ಕೊರಿಸಿ ಕೊಡೂದಿಲ್ಲೇನು? ನಿಮ್ಮ ಅತ್ಯಾನ ಹೆಸರ ಕೊರದ ತಂಬಗ್ಯಾಗ ನೀವು ಇವತ್ತಿಗೂ ನೀರು ಕುಡ್ಯಂಗಿಲ್ಲ!”

ಪದ್ಮಾಕರರು ತಾಟಿನ ಕಡೆ ನೋಡಿದರು. ಹೊಲದ ವ್ಯಾಜ್ಯದಲ್ಲಿ ಮೋಸ ಮಾಡಿದ ಆ ಸೋದರತ್ತೆಯ ತಂಬಿಗೆ ಅಟ್ಟದ ಮೇಲೆ ಬೋರಲಾಗಿ ಬಿದ್ದು ಎಷ್ಟೋ ವರ್ಷಗಳಾಗಿದ್ದವು. ಮೊದಲ ಕಾಳಗ ಅಕ್ಕಾತಾಯಿಯದಾಯಿತು. ಗೆದ್ದದ್ದೇ ತೊಂದರೆ, ಗೆದ್ದರೆ ಪದ ಬಿಡಬೇಕಾಗುತ್ತದೆ ಎಂಬುದು ತಾಟು ತೊಳೆಯುವಾಗ ಹೊಳೆಯಿತು.

ಆಗ ಗಂಡನ ಅಣ್ಣನ ಮಗ, ವಕೀಲ ಅನೇಕಾಂತನನ್ನು ಕರೆಸಲಾಯಿತು. ಒಂದು ಸತ್ಯಕ್ಕೆ ಹಲವು ಮುಖ ಎನ್ನುವ ಜೈನ ಸಿದ್ಧಾಂತದ ಹೆಸರು, ಹೆಸರಿಗೆ ತಕ್ಕ ಹುಡುಗ. ಯಾವ ಪ್ರಶ್ನೆಯನ್ನೂ ಒಂದೇ ಕಡೆಯಿಂದ ನೋಡಿದ ಅಪವಾದ ಅವನ ಮೇಲಿಲ್ಲ.

“ಕಾಕು, ಒಂದು ದೃಷ್ಟಿಯಿಂದ ಹಾಡಬಹುದು. ಒಂದು ದೃಷ್ಟಿಯಿಂದ ಹಾಡಬಾರದು. ಇನ್ನೊಂದು ದೃಷ್ಟಿಯಿಂದ ಹಾಡಲೂಬಹುದು, ಬಾರದೂ ಹೌದು. ಮತ್ತ ಒಂದು ದೃಷ್ಟಿಯಿಂದ ಅದು ಹೇಳಾಕ ಬರೂವಂಥದ್ದಲ್ಲ...”

“ಒಟ್ಟ ಎಷ್ಟು ದೃಷ್ಟಿ ಅದಾವಪಾ?”

“ಶಾಸ್ತ್ರದ ಪ್ರಕಾರ ಏಳು.”

“ಆ ಏಳರಾಗ ರವಿವಾರ ಮಧ್ಯಾಹ್ನದ ಪ್ರಾಕ್ಟೀಸಿಗೆ ಉಪಯೋಗ ಬರೂದು ಯಾವುದು?”

ಅನೇಕಾಂತ ಕೋರ್ಟಿನ ವೇಳೆಯಾಯಿತೆಂದು ಎದ್ದುಹೋದ. ಮಾಸ್ತರರ ಮೇಲಿನದು ಇನ್ನೂ ಆರೋಪವಷ್ಟೇ, ತೀರ್ಪು ಬರುವತನಕ ಕಾಯಬಹುದು ಎಂದು ಬಾಗಿಲಲ್ಲಿ ನಿಂತು ಹೇಳಿ ಹೋದ. “ಕಾಯಾಕ ಅದೇನ ಬಸ್ಸೇನು?” ಎಂದು ಅಕ್ಕಾತಾಯಿ ಮುಚ್ಚಿದ ಬಾಗಿಲನ್ನು ಕೇಳಿದರು.

ರವಿವಾರ ಯುದ್ಧಪರಿಷತ್ತು ಸೇರಿತು. ಹಾರ್ಮೋನಿಯಂ ನುಡಿಸುವ ಕಾಂತಾ ಅದರ ಮಹಾಮಂತ್ರಿ. ಅಕ್ಕಾತಾಯಿಯ ಜಾಗದ ಮೇಲೆ ಅವಳಿಗೆ ಕಣ್ಣಿದೆ ಎನ್ನುವವರಿದ್ದಾರೆ. ನಾವು ಹಾಗೆ ಹೇಳುವುದಿಲ್ಲ. ಕಣ್ಣು ಆ ಕಡೆ ಇದ್ದದ್ದು ನಿಜ.

“ಅಕ್ಕಾ, ಅವನ ಪದಾ ಪೂರ್ತಿ ಬಿಟ್ಟರ ನಮ್ಮ ಕಡೆ ಏನ ಉಳೀತೈತಿ?” ಅಂದಳು ಕಾಂತಾ. “ಒಂದೆರಡು ಆರತಿ, ಒಂದು ಜಯಘೋಷ. ಅಷ್ಟ ಹೇಳಿ ಬರಾಕ ನಮ್ಮನ್ನ ಯಾರ ಕರೀತಾರ?”

ಮೂಲೆಯಲ್ಲಿ ಕುಳಿತ ಹಿರಿಯ ಸದಸ್ಯೆಯೊಬ್ಬರು, “ತಾ ಮಾಡೂದು, ಇನ್ನೊಬ್ಬರ ಕಡೆ ಮಾಡಿಸೂದು, ಮಾಡಿದ್ದಕ್ಕ ಹೂಂ ಅನ್ನೂದು, ಮೂರಕ್ಕೂ ಕರ್ಮ ಹತ್ತತೈತಿ ಅಂತ ಮುನಿ ಮಹಾರಾಜರು ಪ್ರವಚನದಾಗ ಹೇಳ್ಯಾರ. ಅವನ ಪದಾ ಹಾಡೂದಂದರ ಹೂಂ ಅಂದಂಗ ಆಗತೈತೋ ಇಲ್ಲೋ?” ಅಂದರು. ಇದಕ್ಕೆ ಉತ್ತರವಾಗಿ ಅವಲಕ್ಕಿ ಹಂಚಲಾಯಿತು.

ಅವಲಕ್ಕಿ ಮುಗಿಯುವಷ್ಟರಲ್ಲಿ ಅಕ್ಕಾತಾಯಿಗೆ ದಾರಿ ಹೊಳೆದಿತ್ತು. ನಮ್ಮ ಕಡೆಯ ಭಜನೆಯ ರಿವಾಜು ಎಲ್ಲರಿಗೂ ಗೊತ್ತು. ಪದ ಕಟ್ಟಿದವನು ಕಡೆಯ ನುಡಿಯಲ್ಲಿ ತನ್ನ ಹೆಸರು ಹೊಲಿದಿಡುತ್ತಾನೆ, ಅದೇ ಅಂಕಿತ. ಹೊರೆಯ ಪದದ ಕಡೆಯ ನುಡಿ ಹೀಗಿತ್ತು:

ಮಲಪ್ರಭೆ ದಂಡ್ಯಾಗ ನಿಂತಾನ
ಬರಿಗೈಲಿ ಸುಜಯ ನಗತಾನ

“ಆ ಹೆಸರ ತಗದಬಿಡೂಣು” ಅಂದರು ಅಕ್ಕಾತಾಯಿ. “ಪದಾ ನಮ್ಮದು, ಹೆಸರ ಅವಂದು. ಅವನ ಸಾಮಾನು ಅವನಿಗೆ ಒಪ್ಪಿಸಿಬಿಡೂದು.”

ಸಭೆಗೆ ಜೀವ ಬಂತು. ಶಸ್ತ್ರಚಿಕಿತ್ಸೆ ಇಷ್ಟು ಸಣ್ಣದೆಂದು ಯಾರಿಗೂ ಹೊಳೆದಿರಲಿಲ್ಲ. ಆದರೆ ಕಿತ್ತ ಜಾಗದಲ್ಲಿ ಏನನ್ನಾದರೂ ತುಂಬಬೇಕಲ್ಲ. ‘ಬರಿಗೈಲಿ ಮಂಡಳಿ ನಗತೈತಿ’ ಎಂದು ಒಬ್ಬರು ಹಾಡಿ ನೋಡಿದರು; ಚಂದಾ ಎತ್ತಲು ಬಂದ ಹಾಗೆ ಕೇಳಿಸಿತು. ಕಾಂತಾ ಸಂಕೋಚದಿಂದ ನೆಲ ನೋಡುತ್ತ, “ಹಂಗ ನೋಡಿದರ ‘ಕಾಂತಾ’ ಅನ್ನೂದು ಕೂಡತೈತಿ” ಅಂದಳು. ಕೂಡುತ್ತಿತ್ತು, ನಿಜ. ಆದರೆ ಮೊಣಕೈವರೆಗೆ ಬಂಗಾರದ ಬಳೆ ತೊಟ್ಟ ಕಾಂತಾಳನ್ನು ಬರಿಗೈಯಲ್ಲಿ ಕಂಡವರು ಆ ಓಣಿಯಲ್ಲಿ ಯಾರೂ ಇರಲಿಲ್ಲ. ಕಡೆಗೆ ಯಾರ ತಕರಾರೂ ಇರಲಾರದೆಂದು ‘ಬರಿಗೈಲಿ ಜಿನಪ್ಪ ನಗತಾನ’ ಎಂದು ಮಾಡಿದರು. ಮೂಲೆಯ ಹಿರಿಯರು ಕೈ ಎತ್ತಿದರು.

“ಅವರು ವೀತರಾಗರವ್ವಾ, ರಾಗದ್ವೇಷ ಗೆದ್ದಾವರು. ನಗಂಗಿಲ್ಲ.”

“ಸ್ವಲ್ಪೂ?”

“ಸ್ವಲ್ಪೂ ಇಲ್ಲ.”

ಹೀಗೆ ತೀರ್ಥಂಕರರೂ ಆ ಜಾಗವನ್ನು ನಿರಾಕರಿಸಿದ ಮೇಲೆ, ಹೆಸರಿನ ಬದಲು ಬಾಯಿ ಮುಚ್ಚಿ ಮೂಗಿನಲ್ಲಿ ‘ಊಂಊಂ’ ಎನ್ನುವುದೆಂದು ಸರ್ವಾನುಮತದಿಂದ ಗೊತ್ತಾಯಿತು. ಬರಿಗೈಲಿ ಊಂಊಂ ನಗತಾನ. ಯಾರು ನಗುತ್ತಾನೆಂದು ಕೇಳುವವರು ಕೇಳಿಕೊಳ್ಳಲಿ.

ವಿಜಯೋತ್ಸವಕ್ಕೆ ಪರಿಚಯದ ಜಿನೇಶನ ಹೊಸ ಮನೆಯ ಗೃಹಪ್ರವೇಶ ಸಿಕ್ಕಿತು. ಅದೇ ಬಡಾವಣೆ, ಮೂರು ಅಂತಸ್ತು, ಟೆರೇಸಿನ ಮೇಲೆ ಶಾಮಿಯಾನ, ಮೈಕು. ಬೆಳಗ್ಗೆಯೇ ತಬಲಾದ ಈರಯ್ಯನವರಿಗೆ ವಿಷಯ ತಿಳಿಸಲಾಗಿತ್ತು. ಅವರು “ಆತ್ರಿ ಅಕ್ಕಾರ, ಆತ್ರಿ” ಎಂದು ತಲೆಯಾಡಿಸಿದ್ದರು. ಈರಯ್ಯನವರು ಎಲ್ಲಕ್ಕೂ ಹಾಗೇ ತಲೆಯಾಡಿಸುವವರೆಂಬುದನ್ನು ಅಕ್ಕಾತಾಯಿ ಆ ಗಡಿಬಿಡಿಯಲ್ಲಿ ಮರೆತರು.

ಇಲ್ಲಿ ಇನ್ನೊಂದು ರಿವಾಜನ್ನು ಹೇಳಲೇಬೇಕು. ಅಂಕಿತದ ಸಾಲು ಬಂದಾಗ ತಬಲಾ ದುಪ್ಪಟ್ಟು ಓಡುತ್ತದೆ, ಕೇಳುವವರು ಕೈಮುಗಿದು ದನಿಗೂಡಿಸುತ್ತಾರೆ, ಹೆಸರು ಕೇಳಿಸಿದ ಮೇಲೆಯೇ ಕಡೆಯ ಪೆಟ್ಟು ಬಿದ್ದು ಪದ ನಿಲ್ಲುತ್ತದೆ. ಹೆಸರೇ ಬ್ರೇಕು. ಹಾಡುವವರು ಮಾತು ಮರೆತರೆ ತಬಲಾದವನು ಅವರ ಮಾನ ಕಾಯಲು ಇನ್ನೊಂದು ಸುತ್ತು ನುಡಿಸಿ ಕಾಯಬೇಕು, ಅದೂ ರಿವಾಜೇ.

ಪದ ಭರ್ಜರಿಯಾಗಿ ಏರಿತು. ‘ತಳದಾಗ’ ಎನ್ನುವಲ್ಲಿ ಜಿನೇಶನ ತಾಯಿ ಕಣ್ಣೊರೆಸಿಕೊಂಡರು. ಕಡೆಯ ನುಡಿ ಬಂತು. ಮಂಡಳಿ ಒಟ್ಟಾಗಿ, “ಬರಿಗೈಲಿ ಊಂಊಂ ನಗತಾನ” ಅಂದಿತು.

ಈರಯ್ಯನವರ ಕೈ ಗಾಳಿಯಲ್ಲಿ ನಿಂತಿತು. ಪಾಪ, ಹೆಣ್ಣುಮಕ್ಕಳು ಮಾತು ಮರೆತರು ಎಂದುಕೊಂಡು ಅವರು ಇನ್ನೊಂದು ಸುತ್ತು ಹಾಕಿದರು. ಮಂಡಳಿ ಮತ್ತೆ ಊಂಊಂ ಅಂದಿತು. ಈರಯ್ಯನವರು ಕಣ್ಣಲ್ಲೇ ಧೈರ್ಯ ಹೇಳಿ ಮತ್ತೊಂದು ಸುತ್ತು ಹಾಕಿದರು. ಅಕ್ಕಾತಾಯಿ ತಾಳ ಎತ್ತಿ ನಿಲ್ಲಿಸುವ ಸನ್ನೆ ಮಾಡಿದರು. ಅದನ್ನು ಅವರು ಇನ್ನೂ ಜೋರು ಎಂದು ತಿಳಿದರು. ತಬಲಾ ಓಡಿತು, ಹಾರ್ಮೋನಿಯಂ ಅದರ ಹಿಂದೆ ಓಡಿತು, ಊಂಊಂ ಎಲ್ಲರ ಹಿಂದೆ ಏದುಸಿರು ಬಿಡುತ್ತ ಓಡಿತು. ಸಭೆಗೆ ಕನಿಕರ ಬಂತು. ಮುಂದಿನ ಸಾಲಿನಿಂದ ಜಿನೇಶನ ತಾಯಿ, “ಸುಜಯ ಅನ್ರೆವ್ವಾ, ಸುಜಯ!” ಎಂದು ನೆನಪು ಮಾಡಿಕೊಟ್ಟರು. ಮುಂದಿನ ಸುತ್ತಿಗೆ ಟೆರೇಸಿಗೆ ಟೆರೇಸೇ ಕೈಮುಗಿದು ಕೂಗಿತು: “ಬರಿಗೈಲಿ ಸುಜಯ ನಗತಾನ!”

ಧಡ್ ಎಂದು ಕಡೆಯ ಪೆಟ್ಟು ಬಿತ್ತು. ಪದ ಮುಗಿಯಿತು. ಚಪ್ಪಾಳೆಯೋ ಚಪ್ಪಾಳೆ. ಮಾಸ್ತರರು ಎದುರಿಗೆ ಕುಳಿತಿದ್ದ ದಿನಗಳಲ್ಲೂ ಆ ಹೆಸರು ಅಷ್ಟು ಜೋರಾಗಿ ಮೊಳಗಿರಲಿಲ್ಲ.

ಮೊಬೈಲ್ ಇಲ್ಲದ ಟೆರೇಸು ಈಗ ಎಲ್ಲಿದೆ? ಸಂಜೆಯ ಹೊತ್ತಿಗೆ ವಿಡಿಯೋ ವಾಟ್ಸಾಪಿನಲ್ಲಿ ತಿರುಗತೊಡಗಿತು. ಮಾಸ್ತರರ ಪರ ನಿಂತವರಿಗೆ ಅದು ಹಬ್ಬವಾಯಿತು. ಯಾರೋ ಅದಕ್ಕೆ, ‘ಸುಳ್ಳು ಕೇಸಿಗೆ ಜನರ ಉತ್ತರ, ಮಾಸ್ತರರ ಹಿಂದೆ ಸಮಾಜವಿದೆ’ ಎಂದು ಬರೆದು ಖಾನಾಪುರದ ಎಲ್ಲ ಗ್ರೂಪಿಗೂ ಕಳಿಸಿದರು. ವಿಡಿಯೋದ ನಟ್ಟನಡುವೆ, ಹಣೆಯ ಬೆವರು ಹೊಳೆಯುತ್ತ, ಎರಡೂ ಕೈಯಲ್ಲಿ ತಾಳ ಎತ್ತಿ ನಿಂತವರು ಅಕ್ಕಾತಾಯಿ. ನಿಲ್ಲಿಸಿರೋ ಎನ್ನುವ ಆ ಸನ್ನೆ ವಿಡಿಯೋದಲ್ಲಿ ಜಯಜಯಕಾರದಂತೆ ಕಾಣುತ್ತಿತ್ತು.

ಮರುದಿನ ಅಕ್ಕಾತಾಯಿ ಖಾನಾಪುರದ ಬಸ್ಸು ಹತ್ತಿದರು. ಪಕ್ಕದಲ್ಲಿ ಕುಳಿತವಳು ವಿಡಿಯೋದಲ್ಲಿದ್ದವರು ನೀವೇ ಅಲ್ಲವೇ ಎಂದು ಮರಾಠಿಯಲ್ಲಿ ಕೇಳಿದಳು. “ಅಲ್ಲ” ಎಂದು ಕನ್ನಡದಲ್ಲಿ ಹೇಳಿ ಕಿಟಕಿಯ ಕಡೆ ತಿರುಗಿ ಕುಳಿತರು.

ಲ್ಯಾಬು ಎಂದರೆ ಒಂದು ಸಣ್ಣ ಕೋಣೆ. ಹತ್ತಿ ಒತ್ತಿಕೊಂಡು ಕುಳಿತ ಮುದುಕನೊಬ್ಬ ಬೆಂಚಿನ ಮೇಲಿದ್ದ. ಬೇರೆ ಜಾಗವಿಲ್ಲದೆ ಅಕ್ಕಾತಾಯಿ ರಕ್ತ ತೆಗೆಯುವ ಕುರ್ಚಿಯಲ್ಲೇ ಕುಳಿತರು. ಆ ಕುರ್ಚಿಗೆ ತೋಳು ಚಾಚಲು ಅಗಲವಾದ ಹಲಗೆಯಿದೆ. ಯಾರೂ ಹೇಳದಿದ್ದರೂ ಅವರು ತೋಳು ಚಾಚಿದರು. ಪೂನಮ್ ಮುದುಕನನ್ನು ಕಳಿಸಿ, ಕೈಗವಸು ಬಿಚ್ಚಿ, ಎದುರಿಗೆ ಬಂದು ನಿಂತಳು.

“ವಿಡಿಯೋ ನೋಡಿದೆ ಮಾವಶಿ.”

“ನಾವು ಹೆಸರ ತಗದಿದ್ವಿ ಪೂನಮ್. ದೇವರಾಣಿ ತಗದಿದ್ವಿ.”

“ಗೊತ್ತಾತು. ಎಲ್ಲಾರೂ ಊಂಊಂ ಅನ್ನಾಕ ಹತ್ತಿದ್ರಿ. ಮಂಡಳಿಗೆ ಮಂಡಳಿನ ಹಲ್ಲು ಬ್ಯಾನಿ ಬಂದೈತೇನೋ ಅನಕೊಂಡೆ.”

ಅಕ್ಕಾತಾಯಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ಆ ಈರಯ್ಯನ ತಬಲಾ ಒಡದ ಹಾಕತೀನಿ. ಮುಂದಿನ ಸಲ ಸರಿ ಆಗತೈತಿ. ನೀ ಬಾ. ನಿನ್ನ ಜಾಗಾ ಹಂಗ ಇಟ್ಟೀನಿ, ಕಾಂತಾಗ ಸರಕೋಳಾಕ ಬಿಟ್ಟಿಲ್ಲ.”

“ಹೆಸರ ತಗದರ ಏನಾತು ಮಾವಶಿ? ಹೆಸರ ನನ್ನ ಮುಟ್ಟಿಲ್ಲ.”

ಪೂನಮ್ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. “ಎರಡನೇ ನುಡಿ ಕಲಸೂ ಮುಂದ, ‘ತಳದಾಗ’ ಅಂತ ಏರೂ ಕಡೆ, ಉಸಿರು ಇಲ್ಲಿಂದ ಬರಬೇಕು ಅಂತ ಹೊಟ್ಟಿ ಮ್ಯಾಲ ಕೈ ಇಡತಿದ್ದ. ಕಲಸೂ ರೀತಿ ಇರಬೇಕು ಅಂತ ನಾ ಸುಮ್ಮನಿದ್ದೆ. ಅಲ್ಲಿಂದ ಸುರು ಆದದ್ದು. ನೀವು ಆ ಸ್ವರಕ್ಕ ಏರಿದ ಕೂಡಲೇ ನನ್ನ ಕೈ ತಾನ ಹೊಟ್ಟಿಗೆ ಅಡ್ಡ ಬರತೈತಿ. ಯಾರ ಹಾಡಿದರೂ ಅಷ್ಟ. ಪದಾ ಬ್ಯಾರೆ, ಅವನ ಕೈ ಬ್ಯಾರೆ ಅಂತ ಹೆಂಗ ಮಾಡ್ಲಿ? ಎರಡೂ ಒಂದ ಕಡೆ ಅದಾವ.”

ಅಕ್ಕಾತಾಯಿ ಸೋಲೊಪ್ಪದ ಸೇನಾನಿ ಇನ್ನೊಂದು ಕೋಟೆಯನ್ನು ಬಿಟ್ಟುಕೊಡುವ ಹಾಗೆ, “ಹಂಗಾರ ಎರಡನೇ ನುಡಿನೂ ತಗೀತೀನಿ” ಅಂದರು.

“ಆಮ್ಯಾಲ?”

“ಪಲ್ಲವಿ, ಮೂರನೇ ನುಡಿ ಅಷ್ಟ. ರಾಗಾನೂ ಸ್ವಲ್ಪ ಬದಲಿ...”

ಪೂನಮ್ ನಕ್ಕುಬಿಟ್ಟಳು. “ಮಾವಶಿ, ಸಂತ್ಯಾಗ ಬದನಿಕಾಯಿ ಚೌಕಾಶಿ ಮಾಡಾಕ ಬಂದೀರೇನು?”

“ಮತ್ತೇನ ಮಾಡಲೇ? ನಮ್ಮವ್ವ ಸಾಯೂ ಮುಂದ...”

“ಗೊತ್ತೈತಿ. ನಾನೂ ಅಲ್ಲೇ ಇದ್ದೆ. ಅಜ್ಜಿ ಬೆರಳು ಆಡಿಸಿದ್ದು ನಾನೂ ನೋಡೀನಿ.” ನಗು ಹೋಗಿತ್ತು. “ನನಗೇನು ಆ ಪದಾ ಬ್ಯಾಡ ಅನಕೊಂಡೀರೇನು? ಬಾಂಡೆ ತೊಳಿಯೂ ಮುಂದ ತಾನ ಬಾಯಾಗ ಬರತೈತಿ. ಅರ್ಧ ಹಾಡಿದ ಮ್ಯಾಲ ನೆನಪಾಗತೈತಿ. ಆವಾಗ ಕೈಯಾಗಿನ ಬಾಂಡೆ ಬೀಸಿ ಒಗೀತೀನಿ. ಅವ್ವ ಬೈತಾಳ, ತಂಬಗಿ ಎಲ್ಲಾ ನೆಗ್ಗಿದಾವು ಅಂತ.”

ಹೊರಗೆ ಯಾರೋ ರಿಪೋರ್ಟು ಕೇಳಿದರು. “ಸಂಜೀಕ ಬರ್ರಿ” ಎಂದು ಕೂಗಿ ಹೇಳಿ ಅವಳು ತಿರುಗಿದಳು.

“ಹಾಡಬ್ಯಾಡ್ರಿ ಅನ್ನೂದಿಲ್ಲ ನಾ. ನಿಮ್ಮ ಗಂಟಲು, ನಿಮ್ಮ ಮಂಡಳಿ. ಆದರ ಅವನ ಪದಾ ಇರೂ ಕಡೆ ನನ್ನ ಕರೀಬ್ಯಾಡ್ರಿ. ಎರಡೂ ಬೇಕು ಅಂದರ ನನ್ನಿಂದ ಆಗೂದಿಲ್ಲ.”

ಅಕ್ಕಾತಾಯಿ ಚಾಚಿದ್ದ ತೋಳನ್ನು ಹಿಂದಕ್ಕೆ ಎಳೆದುಕೊಂಡರು. ಏನೂ ಕೊಡದೆ, ಏನೂ ಒಪ್ಪದೆ ಎದ್ದುಬಂದರು.

ವಾಪಸು ಬರುವ ಬಸ್ಸಿನಲ್ಲಿ ಅವರ ಸಿಟ್ಟಿಗೆ ಎಷ್ಟು ಗುರಿಗಳು! ಮೊದಲು ಈರಯ್ಯ, ಆಮೇಲೆ ಜಿನೇಶನ ತಾಯಿ, ಆಮೇಲೆ ಏಳು ದೃಷ್ಟಿಯ ಅನೇಕಾಂತ, ಸ್ವಲ್ಪ ಹೊತ್ತು ಪೂನಮ್ ಕೂಡ. ಊರು ಹತ್ತಿರ ಬರುವಷ್ಟರಲ್ಲಿ ಎಲ್ಲರೂ ಒಬ್ಬೊಬ್ಬರಾಗಿ ಇಳಿದುಹೋಗಿ ಉಳಿದವನು ಸುಜಯನೊಬ್ಬನೇ. ಆ ಮನುಷ್ಯ ಕೆಟ್ಟ ಪದ ಬರೆದಿದ್ದರೆ ಏನಾಗುತ್ತಿತ್ತು? ಪ್ರಾಸ ತಪ್ಪಿ, ರಾಗ ಕುಂಟಿ, ಕೇಳಿದವರಿಗೆ ಆಕಳಿಕೆ ಬರುವಂಥ ಪದ ಬರೆದಿದ್ದರೆ ಮಂಡಳಿಗೆ ಮಂಡಳಿಯೇ ಒಂದೇ ಮಧ್ಯಾಹ್ನದಲ್ಲಿ ನೀತಿವಂತವಾಗಿ ಮನೆಗೆ ಹೋಗಿ ಅಡಿಗೆ ಮಾಡಬಹುದಿತ್ತು. ತಾಯಿಯ ಸಾವಿನೊಳಗೆ ಬಂದು ಕುಳಿತುಕೊಳ್ಳುವಂಥ ಪದ ಬರೆಯಲು ಅವನಿಗೆ ಹೇಳಿದವರಾರು? ಬರೆದವನು ಕೈಯನ್ನು ತನ್ನ ಹತ್ತಿರ ಇಟ್ಟುಕೊಳ್ಳಬಾರದಿತ್ತೇ? “ಹಾಳಾದಾಂವ!” ಎಂದು ಅವರು ಗಟ್ಟಿಯಾಗಿಯೇ ಅಂದುಬಿಟ್ಟರು. ಕಂಡಕ್ಟರ್ ತನಗೇ ಎಂದುಕೊಂಡು ಉಳಿದ ಚಿಲ್ಲರೆ ತಂದುಕೊಟ್ಟ.

ರವಿವಾರ ಅಪ್ಪಣೆ ಹೊರಟಿತು. ಹೊರೆಯ ಪದ ಬಂದ್. ಸುಜಯನ ಎಲ್ಲ ಪದಗಳೂ ಬಂದ್.

“ಎಲ್ಲಾ?” ಕಾಂತಾಳ ಹಾರ್ಮೋನಿಯಂ ನಿಟ್ಟುಸಿರಿನಂಥದೊಂದು ಸ್ವರ ಬಿಟ್ಟಿತು. “ಅಕ್ಕಾ, ಹೆಸರ ತಗದು ಇನ್ನೊಂದ ಸಲ ನೋಡಬಹುದಿತ್ತು...”

“ಅಂಕಿತ ಕಡೀ ಸಾಲಿನ್ಯಾಗ ಅಷ್ಟ ಇಲ್ಲ ಕಾಂತಾ.”

“ಮತ್ತೆಲ್ಲೈತಿ?”

“ನಿನಗ ಹೇಳೂದಲ್ಲ ಅದು.”

ತ್ಯಾಗ ಮಾಡಿದವರ ಮುಖದಲ್ಲಿ ಒಂದು ಶಾಂತಿ ಮೂಡುತ್ತದೆ ಎಂದು ಪುಸ್ತಕಗಳಲ್ಲಿ ಬರೆದಿರುತ್ತದೆ. ಅಕ್ಕಾತಾಯಿಯ ಮುಖ ಆ ಪುಸ್ತಕಗಳನ್ನು ಓದಿರಲಿಲ್ಲ. ಅಡಿಗೆ ಮಾಡುವಾಗ ಪದ ತಾನಾಗಿ ಗಂಟಲಿಗೆ ಏರಿ ಬರುತ್ತಿತ್ತು. ಅವರು ಸೌಟಿನಿಂದ ಬೋಗುಣಿಗೆ ಹೊಡೆದು ಅದನ್ನು ಕೆಳಗಿಳಿಸುತ್ತಿದ್ದರು. ಪದ್ಮಾಕರರು ಅಂಗಡಿಯಿಂದ ಹೊಸ ಬೋಗುಣಿ ತಂದಿಟ್ಟು ಹೋದರು. ಮದುವೆ ಮನೆಗಳವರು ಬಂದು, “ಇಳಿಸವ್ವಾ ಹೇಳೂದಿಲ್ಲಂದರ ಬ್ಯಾರೆ ಮಂಡಳಿ ನೋಡತೀವ್ರಿ” ಅಂದರು. “ನೋಡ್ರಿ” ಅಂದರು ಅಕ್ಕಾತಾಯಿ. ಅವರು ನೋಡಿಯೇಬಿಟ್ಟರು. ಬೇರೆ ಮಂಡಳಿಯವರು ಅಂಕಿತ ಸಹಿತ ಹಾಡಿ, ಕರದಂಟು ತಿಂದು ಬಂದರೆಂಬ ವರದಿಯನ್ನು ಕಾಂತಾ ತಪ್ಪದೆ ತಂದು ಒಪ್ಪಿಸಿದಳು. ಮಂಡಳಿಯ ಇಬ್ಬರು ಮೊಣಕಾಲು ನೋವೆಂದು ಬಿಟ್ಟುಹೋದರು. ಮೂಲೆಯ ಹಿರಿಯರ ಮೊಣಕಾಲು ನಿಜವಾಗಿಯೂ ನೋಯುತ್ತಿತ್ತು, ಅವರು ಬಿಡಲಿಲ್ಲ.

ಹಾಡಲು ಏನಾದರೂ ಬೇಕಲ್ಲ. ಗತಿಯಿಲ್ಲದೆ ಅಕ್ಕಾತಾಯಿ ತಾವೇ ಪದ ಕಟ್ಟಲು ಕುಳಿತರು. ಜೀವನದಲ್ಲಿ ಎಂದೂ ಮಾಡದ ಕೆಲಸ. ಬಹಳ ಒದ್ದಾಡಿದ ಮೇಲೆ ಹುಟ್ಟಿದ್ದು ಇದು:

ನೀರು ತುಂಬವ್ವಾ ನೀರು ತುಂಬವ್ವಾ
ತುಂಬಿದ ಮ್ಯಾಲ ನಲ್ಲಿ ಬಂದ ಮಾಡವ್ವಾ

ಮಂಡಳಿ ಅದನ್ನು ಹಾಡಿ ನೋಡಿತು. 

“ಮಹಾನಗರಪಾಲಿಕೆಯವರ ಗಾಡಿ ಬಂದಂಗ ಐತಿ” ಅಂದಳು ಕಾಂತಾ. “ಅಂಕಿತ ಯಾರದು ಹಾಕೂದು ಇದಕ್ಕ?”

“ಇಂಥಾ ಪದಕ್ಕ ಹೆಸರ ಹಾಕೂ ಧೈರ್ಯ ಯಾರಿಗೈತಿ ನಿಮ್ಮಾಗ?”

ಯಾರಿಗೂ ಇರಲಿಲ್ಲ.

ಅಕ್ಕಾತಾಯಿ ಪೂನಮ್‌ಗೆ ಒಂದು ಮೆಸೇಜು ಕಳಿಸಿದರು: ‘ಅವನ ಪದ ಒಂದೂ ಇಲ್ಲ ಈಗ. ಬಾ.’ ಎರಡು ನೀಲಿ ಗೀಟು ಬಂದವು. ಉತ್ತರ ಬರಲಿಲ್ಲ. ಮುಂದಿನ ರವಿವಾರ ಅವಳೂ ಬರಲಿಲ್ಲ, ಅದರ ಮುಂದಿನ ರವಿವಾರವೂ ಇಲ್ಲ. ಪದವೂ ಹೋಗಿ ಹುಡುಗಿಯೂ ಬರದೆ, ನಲ್ಲಿಯೊಂದೇ ಉಳಿಯಿತಲ್ಲ ಎಂಬ ಸಂಕಟದಲ್ಲಿ ಅಕ್ಕಾತಾಯಿ ತಾಳವನ್ನು ಕುಟ್ಟುವ ರೀತಿಗೆ ಓಣಿಯ ನಾಯಿಗಳು ಮುಖ್ಯ ರಸ್ತೆಗೆ ವಲಸೆ ಹೋದವು.

ಬೇಸಿಗೆ ಸುರುವಾದ ಮೇಲೆ ಒಂದು ರವಿವಾರ, ನಲ್ಲಿಯ ಪದ ಅರ್ಧ ಆಗಿದ್ದಾಗ, ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ಪೂನಮ್. ಹೆಗಲಿಗೆ ಚೀಲ, ಬಸ್ಸಿನ ಧೂಳು. ಯಾರೂ ಹಾಡು ನಿಲ್ಲಿಸಲಿಲ್ಲ. ನಿಲ್ಲಿಸಬೇಡಿ ಎಂದು ಅಕ್ಕಾತಾಯಿಯ ಕಣ್ಣು ಎಲ್ಲರಿಗೂ ಹೇಳಿತ್ತು. ಅವಳು ಬಾಗಿಲ ಹತ್ತಿರವೇ ಗೋಡೆಗೆ ಒರಗಿ ಕುಳಿತು, ನೀರು ತುಂಬಿ, ನಲ್ಲಿ ಬಂದ್ ಆಗಿ, ಪದ ಹೇಗೋ ತೆವಳಿ ಮುಗಿಯುವವರೆಗೆ ಕೇಳಿದಳು.

“ಮಾವಶಿ.”

“ಏನ?”

“ಈ ಪದಾ ಭಾಳ ಕೆಟ್ಟೈತಿ.”

“ನನಗ ಗೊತ್ತಿಲ್ಲೇನು?” ಅಕ್ಕಾತಾಯಿ ಸಿಡುಕಿದರು. “ಬಂದು ಇಲ್ಲಿ ಕುಂದರು. ಎರಡನೇ ಸಾಲು ನೀ ಹಿಡಿ.”

ಪೂನಮ್ ಬಂದು ಬಲಗಡೆ ಕುಳಿತಳು. ಕಾಂತಾ ಒಂದಿಷ್ಟು ಆಚೆ ಸರಿದಳು, ಬಹಳವೇನಲ್ಲ. ಹಾರ್ಮೋನಿಯಂ ಎದ್ದಿತು, ಪೂನಮ್ ಎರಡನೇ ಸಾಲು ಹಿಡಿದಳು. ನಲ್ಲಿ ಬಂದ್ ಮಾಡುವ ಆ ಸಾಲನ್ನು ಅಷ್ಟು ತುಂಬಿದ ಗಂಟಲಿನಲ್ಲಿ, ಅಷ್ಟು ಮೇಲೆ ಏರಿಸಿ ಯಾರಾದರೂ ಹಾಡಲು ಸಾಧ್ಯವೆಂದು ಕಟ್ಟಿದವರಿಗೇ ಗೊತ್ತಿರಲಿಲ್ಲ. ಆದರೂ ಅದು ನಲ್ಲಿಯೇ, ಹೊರೆಯಲ್ಲ. ಅಕ್ಕಾತಾಯಿ ಹಲ್ಲು ಕಚ್ಚಿಕೊಂಡು ತಾಳ ಹಾಕಿದರು.